ಗಡಿ ದಾಟಿದ ಗುರುಗ್ರಹ

2012ರ ಆಗಸ್ಟ್ ಮತ್ತು 2013ರ ಫೆಬ್ರವರಿಯ ನಡುವೆ ಲಡಾಖ್ ಗಡಿಯಲ್ಲಿ ಕಾವಲಿದ್ದ ನಮ್ಮ ಸೈನಿಕರು, ಇಂಥದ್ದು ಎಂದು ಹೇಳಲಾಗದ ಬೆಳಕುಗಳನ್ನು ಆಕಾಶದಲ್ಲಿ 329 ಸಲ ಕಂಡು ಬರೆದಿಟ್ಟರು. ಅದರಲ್ಲಿ 155 ಸಲ ಆ ಬೆಳಕು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ನಮ್ಮ ಕಡೆಗೆ ಬಂತು ಎಂದೂ ದಾಖಲಾಯಿತು. ಚೀನಾ ಬೇಹುಗಾರಿಕೆಗೆ ಕಳಿಸಿದ ಡ್ರೋನ್‌ಗಳಿರಬೇಕು ಎಂಬ ಗುಮಾನಿ. ಕೊನೆಗೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಖಗೋಳ ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿ ಉತ್ತರ ಹೇಳಿದರು. ಒಂದು ಗುರು, ಇನ್ನೊಂದು ಶುಕ್ರ.

2013ರ ಜುಲೈನಲ್ಲಿ ಇದು ಪತ್ರಿಕೆಗಳಲ್ಲಿ ಬಂದಾಗ ಜನ ನಕ್ಕರು. ನಗು ಬರುವಂಥದ್ದೇ. ಆರು ತಿಂಗಳು ಗುರುಗ್ರಹದ ಮೇಲೆ ನಿಗಾ ಇಟ್ಟ ಸೇನೆ ಎಂದರೆ ಯಾರಿಗೆ ನಗು ಬರುವುದಿಲ್ಲ? ಆದರೆ ಆ ನಗುವಿನ ಮೇಲೆ ನನಗೊಂದು ತಕರಾರಿದೆ. ತಪ್ಪಾದದ್ದು ಎಲ್ಲಿ, ಯಾರಿಂದ ಎಂದು ಕೇಳುವ ಮೊದಲೇ ಅದು ಕಾವಲುಗಾರನ ಕಡೆ ಬೆರಳು ತೋರಿಸಿಬಿಡುತ್ತದೆ. ಕಂಡವನು ಅವನು, ಆದ್ದರಿಂದ ಮೋಸಹೋದವನೂ ಅವನೇ ಎಂಬ ತರ್ಕ ಅದರದು. ವಿಷಯ ಅಷ್ಟು ಸಲೀಸಲ್ಲ ಅನ್ನುವುದು ನನ್ನ ವಾದ.

ನಡೆದದ್ದನ್ನು ಮೊದಲು ಸ್ವಲ್ಪ ವಿವರವಾಗಿ ನೋಡೋಣ. ಪಾಂಗಾಂಗ್ ಸರೋವರ ಇರುವುದು ಸಮುದ್ರಮಟ್ಟದಿಂದ ಸುಮಾರು 4,350 ಮೀಟರ್ ಎತ್ತರದಲ್ಲಿ. 130 ಕಿಲೋಮೀಟರಿಗೂ ಉದ್ದದ ಉಪ್ಪುನೀರು, ಅದರಲ್ಲಿ ಮೂರನೇ ಒಂದರಷ್ಟು ನಮ್ಮ ಕಡೆ, ಉಳಿದದ್ದು ಚೀನಾದ ಹಿಡಿತದಲ್ಲಿ. ಕಡಲೇ ಇಲ್ಲದ ನಾಡಿಗೆ ಒಂದು ಕಡಲದಂಡೆ ಬಂದು ಸೇರಿಕೊಂಡ ಹಾಗೆ. ಆ ಸರೋವರದ ದಡದ ಠಾಕುಂಗ್‌ನಲ್ಲಿದ್ದ ಭಾರತ-ಟಿಬೆಟ್ ಗಡಿ ಪೊಲೀಸ್ ತುಕಡಿ 2012ರ ಆಗಸ್ಟ್ 1ರಿಂದ ಅಕ್ಟೋಬರ್ 15ರೊಳಗೆ ನೂರಕ್ಕೂ ಹೆಚ್ಚು ಸಲ ಮೇಲಕ್ಕೆ ವರದಿ ಕಳಿಸಿತು. ಹಳದಿ ಬಣ್ಣದ ಗುಂಡನೆಯ ಬೆಳಕು ಚೀನಾ ಕಡೆಯ ದಿಗಂತದಿಂದ ಮೇಲೇಳುತ್ತದೆ, ನಿಧಾನವಾಗಿ ಮೂರರಿಂದ ಐದು ಗಂಟೆ ಆಕಾಶದಲ್ಲಿ ಸಾಗಿ ಮರೆಯಾಗುತ್ತದೆ. ಸೇನೆ ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸೆಪ್ಟೆಂಬರಿನಲ್ಲಿ ಸರೋವರದ ಹತ್ತಿರದ ಬೆಟ್ಟದ ತುದಿಗೆ ಒಂದು ಸಂಚಾರಿ ರಾಡಾರನ್ನೂ ಸ್ಪೆಕ್ಟ್ರಮ್ ಅನಲೈಸರನ್ನೂ ಸಾಗಿಸಿದರು. ಕಣ್ಣಿಗೆ ಕಾಣುವ ಬೆಳಕು ರಾಡಾರಿಗೆ ಕಾಣಲಿಲ್ಲ. ಹಾಗಾದರೆ ಇದು ಲೋಹದ್ದಲ್ಲ ಎಂದುಕೊಂಡರು. ರೇಡಿಯೋ ಸಂಕೇತವೂ ಸಿಗಲಿಲ್ಲ. ನಮ್ಮದೇ ಒಂದು ಡ್ರೋನನ್ನು ಅದರ ಬೆನ್ನಿಗೆ ಹಾರಿಸಿದರು. ಅದು ತನ್ನ ಕೈಲಾದಷ್ಟು ಮೇಲೆ ಹೋಯಿತು, ಬೆಳಕು ಕೈಗೆ ಸಿಗಲಿಲ್ಲ.

ಉತ್ತರ ಗೊತ್ತಿರುವ ನಮಗೆ ಈ ಸಾಲುಗಳು ತಮಾಷೆಯಾಗಿ ಕಾಣುತ್ತವೆ. ಆದರೆ ಸೆಪ್ಟೆಂಬರ್ ಕೊನೆಗೆ, 150 ಕಿಲೋಮೀಟರ್ ದಕ್ಷಿಣದ ಹಾನ್ಲೆ ವೀಕ್ಷಣಾಲಯದಿಂದ ಖಗೋಳಜ್ಞರೇ ಬಂದು ಮೂರು ದಿನ ಅಲ್ಲಿದ್ದು ನೋಡಿದರು. ಆಗಿನ ವರದಿಗಳ ಪ್ರಕಾರ ಅವರೂ ಖಚಿತವಾಗಿ ಏನೂ ಹೇಳಲಿಲ್ಲ. ಉಲ್ಕೆಯೂ ಅಲ್ಲ, ಗ್ರಹವೂ ಅಲ್ಲ ಎಂಬ ಮಾತು ಆಗ ಅಚ್ಚಾಯಿತು. ಆ ವರ್ಷದ ಕೊನೆಯಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ, ಗಡಿಯಲ್ಲಿ ಗುರುತಿಲ್ಲದ ಹಾರುವ ವಸ್ತುಗಳು ಕಂಡದ್ದಕ್ಕೆ ನಿರ್ಣಾಯಕ ಪುರಾವೆ ಇಲ್ಲ ಎಂದು ಉತ್ತರ ಕೊಟ್ಟರು. ಬೀಗ ತೆರೆದದ್ದು ಆಮೇಲೆ, ತೀರಾ ಸಾದಾ ಕೀಲಿಕೈಯಿಂದ: ಕಂಡ ಬೆಳಕಿನ ವೇಳೆ, ದಿಕ್ಕು, ದಿಗಂತದಿಂದ ಎಷ್ಟು ಎತ್ತರದ ಕೋನದಲ್ಲಿದೆ ಎಂಬುದನ್ನು ಬರೆದುಕೊಳ್ಳಿ ಎಂದು ಸೈನಿಕರಿಗೆ ಹೇಳಿದರು. ಅಂಕಿಗಳು ಬಂದ ಮೇಲೆ ಉಳಿದದ್ದು ಪಂಚಾಂಗದ ಕೆಲಸ.

ಆ ಪಂಚಾಂಗದ ಕೆಲಸವನ್ನು ನೀವೂ ಮಾಡಿ ನೋಡಬಹುದು. ಗುರು 2012ರ ಡಿಸೆಂಬರ್ 3ರಂದು ಸೂರ್ಯನಿಗೆ ನೇರ ಎದುರಿಗಿತ್ತು. ಅಂದರೆ ಆಗಸ್ಟ್ ಆರಂಭದಲ್ಲಿ ಮಧ್ಯರಾತ್ರಿ ಕಳೆದ ಮೇಲೆ ಹುಟ್ಟುತ್ತಿದ್ದದ್ದು ಅಕ್ಟೋಬರ್ ನಡುವಿಗೆ ರಾತ್ರಿ ಒಂಬತ್ತರ ಸುಮಾರಿಗೆ, ಡಿಸೆಂಬರಿನಲ್ಲಿ ಹೊತ್ತು ಮುಳುಗುತ್ತಲೇ ಹುಟ್ಟತೊಡಗಿತ್ತು. ಆಕಾಶದ ಯಾವ ನಕ್ಷತ್ರವೇ ಆಗಲಿ ದಿನಕ್ಕೆ ಸುಮಾರು ನಾಲ್ಕು ನಿಮಿಷ, ತಿಂಗಳಿಗೆ ಎರಡು ಗಂಟೆ ಮುಂಚೆ ಏಳುತ್ತದೆ, ಆ ತಿಂಗಳುಗಳಲ್ಲಿ ಗುರುವೂ ಹೆಚ್ಚುಕಡಿಮೆ ಹಾಗೆಯೇ. ಡ್ರೋನಿಗೆ ಇಂಥ ಶಿಸ್ತು ಇರುವುದಿಲ್ಲ. ಶುಕ್ರ ಆ ತಿಂಗಳುಗಳಲ್ಲಿ ಬೆಳಗಿನ ಜಾವದ್ದು. ಇಬ್ಬರೂ ಏಳುವುದು ಪೂರ್ವದಲ್ಲಿ. ಠಾಕುಂಗ್‌ನಲ್ಲಿ ನಿಂತವನಿಗೆ ಪೂರ್ವ ಎಂದರೆ ಚೀನಾ. ನಕ್ಷತ್ರ, ಗ್ರಹ, ಚಂದ್ರ, ಕೊನೆಗೆ ಸೂರ್ಯ ಕೂಡ ದಿನಾ ಆ ಗಡಿಯನ್ನು ಅತಿಕ್ರಮಿಸಿಯೇ ನಮ್ಮ ನೆತ್ತಿಗೆ ಬರಬೇಕು. 155 ಸಲ ಗಡಿ ದಾಟಿತು ಎಂದು ಬರೆದವನು ಸುಳ್ಳು ಬರೆಯಲಿಲ್ಲ. ಅವನು ನಿಂತ ಜಾಗದಿಂದ ಅದು ದಾಟಿಯೇ ಬಂತು. ಇನ್ನು ರಾಡಾರ್: ಅತಿ ಹತ್ತಿರ ಬಂದಾಗಲೂ ಗುರು 61 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಅಲ್ಲಿಂದ ಬೆಳಕು ಬರುವುದಕ್ಕೇ 34 ನಿಮಿಷ ಬೇಕು.

ಉತ್ತರ ಕೊಟ್ಟ ಐಐಎ ಇರುವುದು ಕೋರಮಂಗಲದ ಎರಡನೇ ಬ್ಲಾಕಿನಲ್ಲಿ. ಬಿಟಿಎಂ ಲೇಔಟಿನಿಂದ ಮಡಿವಾಳ ದಾಟಿದರೆ ಬಂತು. (ಬ್ಯಾರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಮೂರು ಅಕ್ಷರದಲ್ಲಿ ಮುಗಿಸಿದ ನಗರ ನಮ್ಮದು, ಹೆಸರಿನ ವಿಷಯದಲ್ಲಿ ನಾವೂ ಬೇರೆಯವರಿಗೆ ಪಾಠ ಹೇಳುವ ಹಾಗಿಲ್ಲ.) ಆ ಸಂಸ್ಥೆಯ ಹಾನ್ಲೆಯ ದೂರದರ್ಶಕ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯ ಕೇಂದ್ರದಲ್ಲಿ ಕೂತು ನಡೆಸುತ್ತಾರೆ. ಹೊಸಕೋಟೆಯ ಕೋಣೆಯಲ್ಲಿ ಕೂತವರೂ ಪಾಂಗಾಂಗ್ ದಡದಲ್ಲಿ ಬಂದೂಕು ಹಿಡಿದು ನಿಂತವನೂ ನೋಡುವುದು ಒಂದೇ ಆಕಾಶವನ್ನು. ಜಯನಗರ, ಬನಶಂಕರಿಯ ತಾರಸಿಗಳಿಂದಲೂ ಅದೇ ಗುರು ಕಾಣುತ್ತದೆ, ಬೀದಿದೀಪಗಳ ನಡುವೆಯೂ ಎದ್ದು ಕಾಣುತ್ತದೆ. ಬಟ್ಟೆ ತೆಗೆಯಲು ಮೇಲೆ ಹೋದವರು ನೋಡಿ ಇಳಿದು ಬರುತ್ತಾರೆ. ಯಾರೂ ಎಲ್ಲಿಗೂ ವರದಿ ಕಳಿಸುವುದಿಲ್ಲ. ನಾವು ಆ ಸೈನಿಕನಿಗಿಂತ ಜಾಣರು ಎಂದೇನಲ್ಲ. ಈ ಬೆಳಕಿಗೆ ಹೆದರಬೇಕು ಎಂದು ನಮಗೆ ಯಾರೂ ಹೇಳಿಲ್ಲ, ಅಷ್ಟೆ.

ನನ್ನ ವಾದ ಇಲ್ಲಿಂದ ಶುರು. ಆ ಜವಾನ ಯಾವುದೋ ಹಳ್ಳಿಯಿಂದ ಹೋದವನಿರಬಹುದು. ನಮ್ಮ ಹಳ್ಳಿಗಳಲ್ಲಿ ಶುಕ್ರನಿಗೆ ಬೆಳ್ಳಿ ಎನ್ನುತ್ತಾರೆ. ಬೆಳ್ಳಿ ಮೂಡಿತು ಎಂದರೆ ಏಳುವ ಹೊತ್ತಾಯಿತು, ಗಾಡಿ ಕಟ್ಟುವ ಹೊತ್ತಾಯಿತು ಎಂದರ್ಥ. ಗಡಿಯಾರ ಇಲ್ಲದ ಮನೆಗೆ ಅದೇ ಗಡಿಯಾರ. ಬೇರೆ ಭಾಷೆಗಳ ಹಳ್ಳಿಗಳಲ್ಲೂ ಅದಕ್ಕೊಂದು ಮನೆಯ ಹೆಸರು ಇದ್ದೇ ಇರುತ್ತದೆ. ಊರಲ್ಲಿ ಬೆಳ್ಳಿಯಾಗಿದ್ದದ್ದು ಗಡಿಯಲ್ಲಿ ಡ್ರೋನ್ ಆಯಿತು. ಕಣ್ಣು ಅದೇ, ಬೆಳಕೂ ಅದೇ. ನಡುವೆ ಏನೋ ಸೇರಿಕೊಂಡಿತು.

ಹಾಗೆ ಸೇರಿಕೊಳ್ಳುವುದು ಹೊಸತೇನಲ್ಲ. ಮಲೆನಾಡಿನ ಕತ್ತಲಲ್ಲಿ ದೂರದ ಗದ್ದೆಬಯಲಿನ ಮೇಲೆ ಬೆಳಕು ಓಡಾಡಿದರೆ ಅದು ಕೊಳ್ಳಿದೆವ್ವ. ಅದೇ ಬೆಳಕು ಕಳ್ಳಬೇಟೆಯ ಭಯವಿದ್ದ ಕಾಡಂಚಿನಲ್ಲಿ ಬೇಟೆಗಾರನ ಬ್ಯಾಟರಿ. 2008ರಲ್ಲಿ ಮುಂಬೈಗೆ ಉಗ್ರರು ಸಮುದ್ರದ ದಾರಿಯಲ್ಲಿ ಬಂದ ಮೇಲೆ ನಮ್ಮ ಕರಾವಳಿಯಲ್ಲೂ ನೀರಿನ ಮೇಲಿನ ಗುರುತಿಲ್ಲದ ದೀಪಕ್ಕೆ ಇನ್ನೊಂದು ಅರ್ಥ ಬಂತು. ಬೆಂಗಳೂರೇ ಆಗಲಿ: 2020ರ ಮೇ 20ರ ಮಧ್ಯಾಹ್ನ, ಲಾಕ್‌ಡೌನಿನ ಮೌನದಲ್ಲಿ, ಕಿಟಕಿ ಬಾಗಿಲು ನಡುಗಿಸುವಂಥ ಸದ್ದೊಂದು ಕೇಳಿಸಿತು. ಕೆಲವೇ ನಿಮಿಷಗಳಲ್ಲಿ ಅದು ಭೂಕಂಪವಾಯಿತು, ಸ್ಫೋಟವಾಯಿತು, ಆಕಾಶದಿಂದ ಏನೋ ಬಿದ್ದದ್ದಾಯಿತು. ವಾಯುಪಡೆಯ ವಿಮಾನ ಪರೀಕ್ಷಾ ಹಾರಾಟದಲ್ಲಿ ಶಬ್ದದ ವೇಗ ಮೀರಿದ್ದರಿಂದ ಬಂದ ಸದ್ದು ಎಂದು ಆಮೇಲೆ ತಿಳಿಯಿತು. ಸದ್ದು ಎಲ್ಲರಿಗೂ ಕೇಳಿಸಿದ್ದು ನಿಜ. ಹೆಸರುಗಳು ಮಾತ್ರ ಆ ವರ್ಷದ ಭಯದ ಉಗ್ರಾಣದಿಂದ ಹೊರಬಂದವು.

ನಮ್ಮ ದರ್ಶನಕಾರರು ಇದನ್ನು ತುಂಬ ಹಿಂದೆಯೇ ಚರ್ಚೆಗೆ ತಂದಿದ್ದಾರೆ. ಅವರ ನೆಚ್ಚಿನ ಉದಾಹರಣೆಯೇ ಕಡಲದಂಡೆಯದು. ಮರಳಲ್ಲಿ ಏನೋ ಹೊಳೆಯುತ್ತದೆ, 'ಇದು ಬೆಳ್ಳಿ' ಎಂದು ಕೈಚಾಚುತ್ತೇವೆ, ಎತ್ತಿ ನೋಡಿದರೆ ಚಿಪ್ಪು. ಶುಕ್ತಿ-ರಜತ ಎಂಬ ಈ ಒಂದು ಹೊಳಪಿನ ಮೇಲೆ ಶತಮಾನಗಳ ಕಾಲ ತನಿಖೆ ನಡೆಯಿತು. ಇಷ್ಟು ದೀರ್ಘ ವಿಚಾರಣೆಯನ್ನು ಯಾವ ಸೇನೆಯೂ ಮಾಡಿಲ್ಲ. ಉಡುಪಿಯ ಮಧ್ವರ ಪರಂಪರೆಗೂ ಅದರಲ್ಲಿ ತನ್ನದೇ ಉತ್ತರವಿದೆ. ನನಗೆ ಇಲ್ಲಿ ಬೇಕಾದದ್ದು ಮೀಮಾಂಸಕರಲ್ಲಿ ಪ್ರಾಭಾಕರರ ಉತ್ತರ. ಅವರು ಹೇಳುವುದು ವಿಚಿತ್ರ: ಇಲ್ಲಿ ಸುಳ್ಳು ಜ್ಞಾನ ಎಂಬುದೇ ಇಲ್ಲ. 'ಇದು' ಎಂಬುದು ಕಣ್ಣು ಕಂಡದ್ದು, ಅದು ಸರಿ. 'ಬೆಳ್ಳಿ' ಎಂಬುದು ಹಿಂದೆಂದೋ ಕಂಡದ್ದರ ನೆನಪು, ಅದೂ ಸರಿ. ಆದದ್ದು ಇಷ್ಟೇ, ನೆನಪು ತಾನು ನೆನಪು ಎಂಬ ಗುರುತನ್ನು ಕಳೆದುಕೊಂಡು ಬಂತು, ಎರಡರ ನಡುವಿನ ಅಂತರ ನಮ್ಮ ಗಮನಕ್ಕೆ ಬರಲಿಲ್ಲ. ಸ್ಮೃತಿಪ್ರಮೋಷ ಎಂದು ಅದಕ್ಕೆ ಹೆಸರು. ಪ್ರಮೋಷ ಎಂದರೆ ಕಳವು.

ಇದನ್ನು ಪಾಂಗಾಂಗ್ ದಡಕ್ಕೆ ತಂದು ನೋಡಿ. 'ಅದೋ' ಎಂದದ್ದು ಜವಾನನ ಕಣ್ಣು. 'ಡ್ರೋನ್' ಎಂಬುದು ಎಲ್ಲಿಂದ ಬಂತು? ಅವನು ಚೀನಾದ ಡ್ರೋನನ್ನು ಹಿಂದೆಂದೂ ಕಂಡಿರಲಿಕ್ಕಿಲ್ಲ. ಅದು ಅವನಿಗೆ ಕೊಟ್ಟ ನೆನಪು. ಕಾವಲಿಗೆ ನಿಲ್ಲಿಸುವಾಗ ಹೇಳಿದ ಮಾತು, ಅಧಿಕಾರಿಗಳ ಎಚ್ಚರಿಕೆ, ಟಿವಿಯ ಚರ್ಚೆ, ಎರಡು ದೇಶಗಳ ಹಳೆಯ ಕಹಿ, ಇವೆಲ್ಲ ಸೇರಿ ಅವನ ತಲೆಯಲ್ಲಿ ಆ ಹೆಸರನ್ನು ಸಿದ್ಧವಾಗಿಟ್ಟಿದ್ದವು. ಅವನ ಕಣ್ಣು ತುಂಬಿಸಬೇಕಿದ್ದ ಖಾಲಿ ಜಾಗ ಮೊದಲೇ ತುಂಬಿತ್ತು. ಹಾಗಿರುವಾಗ ತಪ್ಪಿನ ಅರ್ಧ ಅವನದು, ಉಳಿದರ್ಧ ಆ ನೆನಪನ್ನು ಕೊಟ್ಟವರದು ಎಂದು ಹಂಚುವುದು ಕೂಡ ಉದಾರವೇ. ಅವನ ಪಾಲಿನ ಅರ್ಧ ತಪ್ಪೇ ಅಲ್ಲವಲ್ಲ. ಬೆಳಕು ಇತ್ತು, ಅವನು ಕಂಡ.

ಒಂಟಿ ಕಣ್ಣಿನ ಮಾತು ಬಿಡಿ, ಗುಂಪಿನದು ಇನ್ನೂ ಸೋಜಿಗ. ಪೂರ್ತಿ ಕತ್ತಲಲ್ಲಿ ಒಂದೇ ಒಂದು ಬೆಳಕಿನ ಚುಕ್ಕೆಯನ್ನು ದಿಟ್ಟಿಸಿದರೆ, ಅದು ನಿಂತಿದ್ದರೂ ಚಲಿಸಿದಂತೆ ಕಾಣುತ್ತದೆ. ಕಣ್ಣಿಗೆ ಹೋಲಿಸಿ ನೋಡಲು ಬೇರೇನೂ ಸಿಗದಿರುವುದರ ಫಲ ಅದು. ಮುಜಾಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ 1930ರ ದಶಕದಲ್ಲಿ ಇದನ್ನೇ ಪ್ರಯೋಗ ಮಾಡಿದ. ಚುಕ್ಕೆ ಎಷ್ಟು ಸರಿಯಿತು ಎಂದು ಒಬ್ಬೊಬ್ಬರನ್ನೇ ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಒಟ್ಟಿಗೆ ಕೂರಿಸಿ ಕೇಳಿದರೆ ಲೆಕ್ಕಗಳು ಹತ್ತಿರ ಹತ್ತಿರ ಬಂದು ಒಂದು ಒಪ್ಪಿತ ಅಳತೆ ಹುಟ್ಟಿಕೊಂಡಿತು. ಚುಕ್ಕೆ ಒಂದಿಷ್ಟೂ ಅಲುಗಿರಲಿಲ್ಲ. ನಾಲ್ಕು ಜನ ಕಂಡಿದ್ದಾರೆ ಎಂಬುದು ನಮಗೆ ದೊಡ್ಡ ಸಾಕ್ಷಿ. ಆದರೆ ಆ ನಾಲ್ವರು ಒಂದೇ ಬಂಕರಿನಲ್ಲಿ ಒಂದೇ ಎಚ್ಚರಿಕೆ ಕೇಳಿಸಿಕೊಂಡವರಾದರೆ, ನಾಲ್ಕು ಸಾಕ್ಷಿ ಒಂದೇ ಸಾಕ್ಷಿಯ ನಾಲ್ಕು ಪ್ರತಿಯಾಗಬಹುದು.

ಇಷ್ಟು ಹೇಳಿದರೆ ಜವಾನ ಪಾರಾದ, ಕತೆ ಮುಗಿಯಿತು ಅನ್ನಿಸಬಹುದು. ಮುಗಿಯುವುದಿಲ್ಲ, ಏಕೆಂದರೆ ಪ್ರಾಭಾಕರರಿಗೆ ನೈಯಾಯಿಕರು ಹಾಕಿದ ಪ್ರಶ್ನೆ ಇನ್ನೂ ನಿಂತಿದೆ. ಬರೀ ಅಂತರ ತಿಳಿಯಲಿಲ್ಲ ಎಂದರೆ ಸಾಲದು. ಹಾಗಿದ್ದರೆ ಮನುಷ್ಯ ಬಗ್ಗಿ ಚಿಪ್ಪನ್ನು ಎತ್ತಿಕೊಳ್ಳಲು ಏಕೆ ಕೈಚಾಚಿದ? ಕೈಚಾಚಬೇಕಾದರೆ 'ಇದು ಬೆಳ್ಳಿಯೇ' ಎಂಬ ನಿಶ್ಚಯ ಒಳಗೆ ಆಗಿರಬೇಕು. ನನಗೆ ಇದು ತರ್ಕದ ಪ್ರಶ್ನೆಯಷ್ಟೇ ನೀತಿಯ ಪ್ರಶ್ನೆಯೂ ಆಗಿ ಕಾಣುತ್ತದೆ. ಕಂಡದ್ದನ್ನು ಹೇಳುವುದು ಒಂದು, ಕಂಡದ್ದರ ಮೇಲೆ ಕೈಯೆತ್ತುವುದು ಇನ್ನೊಂದು. ಮೊದಲನೆಯದಕ್ಕೆ ಬೆಳಕು ಸಾಕು, ಎರಡನೆಯದಕ್ಕೆ ಹೆಸರು ಬೇಕು.

ಕೈಯೆತ್ತಿದ್ದರ ಉದಾಹರಣೆ ದೂರದಲ್ಲಿಲ್ಲ. 2023ರ ಫೆಬ್ರವರಿ 4ರಂದು ಅಮೆರಿಕ ತನ್ನ ದಕ್ಷಿಣ ಕ್ಯಾರೊಲಿನಾ ಕರಾವಳಿಯಾಚೆ ಚೀನಾದ ಬಲೂನೊಂದನ್ನು ಹೊಡೆದುರುಳಿಸಿತು. ಅದಾದ ಮೇಲೆ 10, 11, 12ನೇ ತಾರೀಕುಗಳಲ್ಲಿ ಅಲಾಸ್ಕಾ, ಕೆನಡಾದ ಯೂಕಾನ್, ಹ್ಯೂರಾನ್ ಸರೋವರದ ಮೇಲೆ, ದಿನಕ್ಕೊಂದರಂತೆ ಇನ್ನೂ ಮೂರು ವಸ್ತುಗಳನ್ನು ಕ್ಷಿಪಣಿಯಿಂದ ಹೊಡೆದರು. ನಾಲ್ಕು ದಿನ ಬಿಟ್ಟು ಅಧ್ಯಕ್ಷ ಬೈಡನ್, ಆ ಮೂರು ಬಹುಶಃ ಖಾಸಗಿ ಕಂಪನಿಗಳದೋ ಹವ್ಯಾಸಿಗಳದೋ ಸಂಶೋಧಕರದೋ ಬಲೂನುಗಳು ಎಂದರು. ಮೊದಲನೆಯದು ಬೆಳ್ಳಿಯಾಗಿತ್ತು, ಆದ್ದರಿಂದ ಆಮೇಲಿನ ಹೊಳಪೆಲ್ಲ ಬೆಳ್ಳಿಯಾಯಿತು. ಅದಕ್ಕೆ ಹೋಲಿಸಿದರೆ ಲಡಾಖಿನಲ್ಲಿ 329 ಸಲ ಬೆಳಕು ಕಂಡೂ ಒಂದು ಜಗಳವೂ ಹುಟ್ಟಲಿಲ್ಲ. ಅದೂ ಯಾವ ಕಾಲದಲ್ಲಿ? 2013ರ ಏಪ್ರಿಲ್ ನಡುವಿನಲ್ಲಿ ದೆಪ್ಸಾಂಗ್‌ನಲ್ಲಿ ಚೀನೀ ಸೈನಿಕರು ಡೇರೆ ಹಾಕಿ, ಎರಡೂ ಸೇನೆಗಳು ಮೂರು ವಾರ ಎದುರುಬದುರು ನಿಂತ ವರ್ಷ. ವರದಿ ಬರೆದರು, ರಾಡಾರ್ ತಂದರು, ತಿಳಿದವರನ್ನು ಕೇಳಿದರು, ಹೆಸರನ್ನು ಬದಲಿಸಿದರು. ನಗುವುದಕ್ಕೆ ಬದಲು ಇದನ್ನು ಮೆಚ್ಚಬೇಕಲ್ಲವೇ?

ಮೆಚ್ಚಬೇಕು ಎನ್ನುವಾಗ ದಕ್ಷಿಣ ಬೆಂಗಳೂರಿನವರಿಗೆ ಒಬ್ಬರು ನೆನಪಾಗದೆ ಇರರು: ಎಚ್. ನರಸಿಂಹಯ್ಯ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಕೋಣೆಯಲ್ಲಿ ಬದುಕು ಕಳೆದ ಭೌತಶಾಸ್ತ್ರದ ಮೇಷ್ಟ್ರು, ಪ್ರಶ್ನಿಸದೆ ಏನನ್ನೂ ಒಪ್ಪಬಾರದು ಎಂದು ತಲೆಮಾರುಗಳಿಗೆ ಕಲಿಸಿದವರು. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ನಮ್ಮ ಕಡೆಯ ಓದಿದ ಜನ ಅವರಿಂದ ಸಂದೇಹವನ್ನು ಕಲಿತರು, ಅದು ದೊಡ್ಡದು. ಆದರೆ ಆ ಸಂದೇಹ ಕೆಲವರ ಕೈಯಲ್ಲಿ ಬರೀ ಗೇಲಿಯಾಗಿ ಉಳಿಯಿತು. ಎಚ್ಚೆನ್ ಸಮಿತಿ ಪತ್ರ ಬರೆದು ಪ್ರಶ್ನೆ ಕೇಳಿದ್ದು ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರನ್ನು, ಸಾಲಿನಲ್ಲಿ ನಿಂತ ಭಕ್ತನನ್ನಲ್ಲ. ಪುರಾವೆಯ ಹೊರೆ ಅಧಿಕಾರ ಇರುವವನ ಮೇಲೆ ಹೆಚ್ಚು ಇರಬೇಕು ಎಂಬ ಲೆಕ್ಕ ಅದರೊಳಗೆ ಇತ್ತು. ನಮ್ಮ ನಗು ಹೊರೆಯನ್ನು ತಿರುಗಿಸಿ ಕೆಳಗಿನವನ ತಲೆಗೆ ಇಡುತ್ತದೆ.

ಜ್ಞಾನ ತಾನಾಗಿಯೇ ಪ್ರಮಾಣ, ಬಾಧಕ ಬರುವವರೆಗೆ ನಂಬು ಎಂದು ಮೀಮಾಂಸಕರು. ಹೊರಗಿನಿಂದ ಪರೀಕ್ಷೆಯಾದ ಮೇಲೆಯೇ ಪ್ರಮಾಣ ಎಂದು ನೈಯಾಯಿಕರು. ಸ್ವತಃಪ್ರಾಮಾಣ್ಯ, ಪರತಃಪ್ರಾಮಾಣ್ಯ ಎಂದು ತರಗತಿಯಲ್ಲಿ ಇವುಗಳಲ್ಲಿ ಒಂದನ್ನು ಆರಿಸು ಎನ್ನುತ್ತಾರೆ. ಕಾವಲಿನ ಸಂದರ್ಭದಲ್ಲಿ ನನಗೆ ಎರಡೂ ಬೇಕು, ಬೇರೆ ಬೇರೆ ಜನರಿಗೆ. ಬೆಳಗಿನ ಜಾವ ಮೂರು ಗಂಟೆಗೆ ನಿಂತವನು ಮೊದಲನೆಯದನ್ನು ಪಾಲಿಸಬೇಕು. ಕಂಡದ್ದನ್ನು ನಂಬಿ ಹೇಳಬೇಕು. ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಸಾಕಷ್ಟು ಆಧಾರವಿಲ್ಲದೆ ಏನನ್ನು ನಂಬುವುದೂ ಯಾವಾಗಲೂ ಯಾರಿಗೂ ತಪ್ಪು ಎಂದು ಕಟ್ಟುನಿಟ್ಟು ಮಾಡಿದ. ಆ ಮಾತನ್ನು ಕಾವಲುಗಾರನಿಗೆ ಅನ್ವಯಿಸಿದರೆ ಅವನು ಬೆಳಗಾಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಕ್ಲಿಫರ್ಡನ ಮಾತು ನಕ್ಷೆಯ ಮುಂದೆ ಕೂತ ಅಧಿಕಾರಿಗೆ, ಅವನ ಮೇಲಿನ ಮಂತ್ರಿಗೆ, ಸ್ಟುಡಿಯೋದಲ್ಲಿ ಕೂಗುವ ನಿರೂಪಕನಿಗೆ. ಆಜ್ಞೆ ಕೊಡುವ ಬಲ ಹೆಚ್ಚಾದಂತೆ ಪುರಾವೆಯ ಅಳತೆಯೂ ಬಿಗಿಯಾಗಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದ ಆಕ್ಷೇಪ. ಕಾವಲುಗಾರ ಕಂಡಕಂಡದ್ದನ್ನೆಲ್ಲ ಹೇಳುತ್ತ ಹೋದರೆ ನಿಜವಾದ ಡ್ರೋನ್ ಬಂದ ದಿನ ಯಾರು ಕೇಳುತ್ತಾರೆ? ನಾವೆಲ್ಲ ಚಿಕ್ಕಂದಿನಲ್ಲಿ 'ತೋಳ ಬಂತು ತೋಳ' ಓದಿದವರು. ಆದರೆ ಆ ಕತೆಯ ಹುಡುಗ ತಮಾಷೆಗೆ ಸುಳ್ಳು ಹೇಳಿದವನು. ನಾಯಿಯನ್ನು ತೋಳ ಎಂದುಕೊಂಡು ನಿಜವಾಗಿ ಹೆದರಿ ಕೂಗಿದ ಹುಡುಗನ ಕತೆಯನ್ನು ನಮಗೆ ಯಾರೂ ಹೇಳಲಿಲ್ಲ. ಅವನಿಗೆ ಊರವರು ಏನು ಮಾಡಬೇಕಿತ್ತು? ಬೈದು ಕಳಿಸಿದರೆ ಮುಂದಿನ ಸಲ ಅವನು ಖಚಿತವಾಗುವವರೆಗೆ ಕಾಯುತ್ತಾನೆ, ಖಚಿತವಾಗುವಷ್ಟರಲ್ಲಿ ಕುರಿ ಹೋಗಿರುತ್ತದೆ. 2020ರ ಬೇಸಿಗೆಯಲ್ಲಿ ಇದೇ ಪಾಂಗಾಂಗ್ ದಡದಲ್ಲಿ ಕೈಕೈ ಮಿಲಾಯಿಸಿತು. ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ತರು. 2012ರ ಭಯ ಹುಚ್ಚು ಭಯವಾಗಿರಲಿಲ್ಲ. ತಪ್ಪಾದದ್ದು ಭಯವಲ್ಲ, ಅದು ಆತುಕೊಂಡ ಬೆಳಕು.

ತಪ್ಪನ್ನು ಮರ್ಯಾದೆಯಿಂದ ಹಿಂತೆಗೆದುಕೊಳ್ಳಲು ದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಸಫೋಕ್ ಕರಾವಳಿ ತೋರಿಸುತ್ತದೆ. 1980ರ ಡಿಸೆಂಬರ್ ಕೊನೆಯ ವಾರ ಅಲ್ಲಿನ ವುಡ್‌ಬ್ರಿಜ್ ವಾಯುನೆಲೆಯ ಪಕ್ಕದ ರೆಂಡಲ್‌ಶಮ್ ಕಾಡಿನಲ್ಲಿ ಅಮೆರಿಕನ್ ಸೈನಿಕರು ಬೆಳಕುಗಳನ್ನು ಕಂಡರು. ಉಪ ಕಮಾಂಡರ್ ಚಾರ್ಲ್ಸ್ ಹಾಲ್ಟ್ ತಾನೇ ಟೇಪ್ ರೆಕಾರ್ಡರ್ ಹಿಡಿದು ಕಾಡಿಗೆ ಹೋದರು. 1981ರ ಜನವರಿ 13ರಂದು ಬ್ರಿಟಿಷ್ ರಕ್ಷಣಾ ಇಲಾಖೆಗೆ ಅವರು ಬರೆದ ಟಿಪ್ಪಣಿಯ ವಿಷಯ 'ವಿವರಣೆಗೆ ಸಿಗದ ಬೆಳಕುಗಳು'. ಇಲಾಖೆ ಇದರಿಂದ ದೇಶದ ರಕ್ಷಣೆಗೆ ಅಪಾಯವಿಲ್ಲ ಎಂದು ಕಡತ ಬದಿಗಿಟ್ಟಿತು. ಬೆಳಕು ಏನಾಗಿತ್ತು ಎಂದು ಹುಡುಕುವ ಗೋಜಿಗೆ ಹೋಗಲಿಲ್ಲ. ಆಮೇಲೆ ಸಂದೇಹವಾದಿಗಳು ಆ ರಾತ್ರಿಯ ಒಂದು ಉಲ್ಕೆಯನ್ನೂ, ಕಡಲಂಚಿನಲ್ಲಿ ಐದು ಸೆಕೆಂಡಿಗೊಮ್ಮೆ ಮಿಣುಕುತ್ತಿದ್ದ ಆರ್ಫರ್ಡ್‌ನೆಸ್ ದೀಪಸ್ತಂಭವನ್ನೂ ತೋರಿಸಿದರು. ನನಗೆ ಆ ವಿವರಣೆ ಒಪ್ಪಿಗೆ. ಹಾಲ್ಟ್ ಒಪ್ಪಲಿಲ್ಲ. ದಶಕಗಳು ಕಳೆದಂತೆ ಅವರ ಮಾತು ಇನ್ನಷ್ಟು ಗಟ್ಟಿಯಾಯಿತು. ಒಬ್ಬ ಸೇನಾಧಿಕಾರಿಗೆ 'ನೀವು ದೀಪಸ್ತಂಭಕ್ಕೆ ಬೆದರಿದಿರಿ' ಎಂದು ಲೋಕವೇ ಹಲ್ಲು ಕಿರಿದು ಹೇಳಿದರೆ, 'ಹೌದು' ಎನ್ನಲು ಎಂಥ ಎದೆಗಾರಿಕೆ ಬೇಕು ಯೋಚಿಸಿ. ದೀಪಸ್ತಂಭ 2013ರಲ್ಲಿ ಆರಿತು, 2020ರಲ್ಲಿ ಕಡಲಕೊರೆತಕ್ಕೆ ಹೆದರಿ ಅದನ್ನು ಕೆಡವಿದರು. ಕಾಡಿನ ಬೆಳಕಿನ ಕತೆ ಇನ್ನೂ ಉರಿಯುತ್ತಿದೆ.

ಬೆಂಗಳೂರಿನವರು ಕೊಟ್ಟ ಉತ್ತರದ ಚೆಲುವು ಇರುವುದು ಅವರು ಕೇಳಿದ ಪ್ರಶ್ನೆಯಲ್ಲಿ. ವೇಳೆ ಎಷ್ಟು, ದಿಕ್ಕು ಯಾವುದು, ಎತ್ತರ ಎಷ್ಟು. ನೀನು ಕಂಡದ್ದು ಏನು ಎಂಬ ಕಾಲಂ ಅಲ್ಲಿ ಬೇಕಾಗಲಿಲ್ಲ. ಆ ಮೂರು ಅಂಕಿಗಳನ್ನು ಕೊಡಬಲ್ಲವನು ಅಲ್ಲಿ ನಿಂತವನು ಮಾತ್ರ. ಕೋರಮಂಗಲದಲ್ಲಿ ಕೂತ ಯಾವ ವಿಜ್ಞಾನಿಗೂ ಅದು ಸಾಧ್ಯವಿರಲಿಲ್ಲ. ಡ್ರೋನನ್ನು ಗುರುಗ್ರಹ ಮಾಡಿದ್ದೂ ಅದೇ ಜವಾನನ ಕಣ್ಣು.

ಹಾನ್ಲೆಯ ಸುತ್ತ ಈಗ ಕತ್ತಲನ್ನು ಕಾಯುತ್ತಾರೆ. 2022ರಲ್ಲಿ ಅದನ್ನು ಡಾರ್ಕ್ ಸ್ಕೈ ರಿಸರ್ವ್ ಎಂದು ಘೋಷಿಸಿದ ಮೇಲೆ ಊರಿನ ದೀಪಗಳಿಗೆ ಮರೆ ಕಟ್ಟಿದರು. ಐಐಎ ಅಲ್ಲಿನ ಹಳ್ಳಿಗಳ ಯುವಕ ಯುವತಿಯರಿಗೆ ಸಣ್ಣ ದೂರದರ್ಶಕ ಕೊಟ್ಟು ತರಬೇತಿ ಕೊಟ್ಟಿತು. ಬೆಂಗಳೂರಿನಿಂದ, ದೆಹಲಿಯಿಂದ ಹೋದ ಪ್ರವಾಸಿಗಳು ರಾತ್ರಿ ಚಳಿಯಲ್ಲಿ ನಡುಗುತ್ತ ಸಾಲಲ್ಲಿ ನಿಂತು ಕಣ್ಣು ಹಚ್ಚಿ ನೋಡುತ್ತಾರೆ. ಅಲ್ಲಿಯ ಹುಡುಗಿಯೊಬ್ಬಳು ಪೂರ್ವಕ್ಕೆ ಕೈತೋರಿಸಿ, ಅದು ಗುರು, ಪಕ್ಕದ ನಾಲ್ಕು ಚುಕ್ಕೆ ಅದರ ಚಂದ್ರರು ಎಂದು ಹೇಳುವಾಗ ಕಣಿವೆಯಾಚೆಯ ಯಾವುದೋ ಠಾಣೆಯಲ್ಲಿ ಒಬ್ಬ ಜವಾನನೂ ಅದನ್ನೇ ನೋಡುತ್ತ ನಿಂತಿರುತ್ತಾನೆ. ಅವನ ಪಕ್ಕದಲ್ಲಿ ವರದಿಯ ಪುಸ್ತಕ ಇರುತ್ತದೆ.